‘ಏನೂ ನಡೆಯದ’ ಸಿನಿಮಾದಲ್ಲಿ ನೋಡುವುದೇನನ್ನು?

ಪ್ರಶ್ನೆ: ಫೈಟಿಲ್ಲ, ತಿರುವಿಲ್ಲ, ಬರೀ ಕೂತು ಮಾತಾಡ್ತಾರೆ. ಇಂಥ ಸಿನಿಮಾಗಳನ್ನು ಜನ ಅಷ್ಟೊಂದು ಮೆಚ್ಚೋದು ಯಾಕೆ? ನನಗಂತೂ ಅರ್ಧ ಗಂಟೆಗೇ ಆಕಳಿಕೆ.

ಉತ್ತರ: ನಡೆಯುವುದು ನಡೆಯುತ್ತಲೇ ಇರುತ್ತದೆ, ಆದರೆ ಯಾರೂ ಕೂಗಿ ಹೇಳುವುದಿಲ್ಲ. 1953ರ ಜಪಾನಿ ಚಿತ್ರ ‘ಟೋಕಿಯೋ ಸ್ಟೋರಿ’ಯನ್ನೇ ತೆಗೆದುಕೊಳ್ಳಿ. ನಿರ್ದೇಶಕ ಯಸುಜಿರೋ ಓಜು, ಅವಧಿ 136 ನಿಮಿಷ.

ಒನೊಮಿಚಿ ಎಂಬ ಊರಿನ ವೃದ್ಧ ದಂಪತಿ ಟೋಕಿಯೋದ ಮಕ್ಕಳನ್ನು ನೋಡಲು ಗಂಟುಮೂಟೆ ಕಟ್ಟುತ್ತಿದ್ದಾರೆ. ಗಾಳಿ ತುಂಬುವ ದಿಂಬು ಸಿಗುತ್ತಿಲ್ಲ. ‘ನಿನಗೇ ಕೊಟ್ಟೆನಲ್ಲ’ ಅನ್ನುತ್ತಾನೆ ಗಂಡ, ಇಲ್ಲ ಅನ್ನುತ್ತಾಳೆ ಹೆಂಡತಿ. ಹುಡುಕಿದರೆ ಅವನ ಬಳಿಯೇ ಇರುತ್ತದೆ. ಕಿಟಕಿಯಾಚೆ ನೆರೆಮನೆಯಾಕೆ ನಿಂತು ಕುಶಲ ಕೇಳಿ ಹೋಗುತ್ತಾಳೆ. ಅಷ್ಟೇ ದೃಶ್ಯ. ಇಬ್ಬರೂ ಎಷ್ಟು ವರ್ಷ ಜೊತೆಗೆ ಬಾಳಿದ್ದಾರೆ ಎಂಬುದು ಆ ದಿಂಬಿನಿಂದಲೇ ಗೊತ್ತಾಗಿಬಿಡುತ್ತದೆ.

ಟೋಕಿಯೋದಲ್ಲಿ ಮಕ್ಕಳಿಗೆ ಪುರುಸೊತ್ತಿಲ್ಲ. ದುಡ್ಡು ಕೂಡಿಸಿ ಇಬ್ಬರನ್ನೂ ಅತಾಮಿಯ ಬಿಸಿನೀರ ಬುಗ್ಗೆಯ ವಸತಿಗೃಹಕ್ಕೆ ಕಳಿಸುತ್ತಾರೆ. ಅಲ್ಲಿ ರಾತ್ರಿಯಿಡೀ ಗದ್ದಲ. ಬೆಳಿಗ್ಗೆ ಸಮುದ್ರದಂಚಿನ ಗೋಡೆಯ ಮೇಲೆ ಕೂತು ಊರಿಗೆ ಹೋಗೋಣ ಎಂದುಕೊಳ್ಳುತ್ತಾರೆ. ಏಳುವಾಗ ಆಕೆಗೆ ತಲೆ ಸುತ್ತುತ್ತದೆ, ಒಂದು ಕ್ಷಣ ಕುಸಿಯುತ್ತಾಳೆ. ನಿದ್ದೆಗೆಟ್ಟಿದ್ದಕ್ಕಿರಬೇಕು ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಇಡೀ ಚಿತ್ರ ತಿರುಗುವುದು ಇಲ್ಲೇ. ಫೋನ್ ನೋಡುತ್ತಿದ್ದವರಿಗೆ ಮುಂದಿನ ಕಾಯಿಲೆ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಕ್ಯಾಮೆರಾ ಹೆಚ್ಚಾಗಿ ನೆಲದ ಹತ್ತಿರವೇ ಇರುತ್ತದೆ, ಕದಲುವುದು ತೀರಾ ಅಪರೂಪ. ಎಲ್ಲಿ ನೋಡಬೇಕೆಂದು ಅದು ಬೆರಳು ಮಾಡಿ ತೋರಿಸುವುದಿಲ್ಲವಾದ್ದರಿಂದ ನಾವೇ ಹುಡುಕುತ್ತೇವೆ: ಯಾರು ಎದ್ದು ನೀರು ತಂದರು, ಯಾರು ಕೂತಲ್ಲೇ ಉಳಿದರು. ಹಾಗೆ ನಾವೇ ಕಂಡುಕೊಂಡಿದ್ದು ಬೇಗ ಮರೆಯುವುದಿಲ್ಲ. ನನ್ನ ಮಟ್ಟಿಗೆ ಈ ಬಗೆಯ ಚಿತ್ರಗಳ ಸೆಳೆತವೆಂದರೆ ಅದೇ.

ಹಾಗೆಂದು ನಿಧಾನವಾಗಿದ್ದದ್ದೆಲ್ಲ ಒಳ್ಳೆಯದಲ್ಲ. ಪಾತ್ರಕ್ಕೆ ಏನೋ ಒಂದು ಬೇಕಾಗಿರಬೇಕು. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ವೃತ್ತಿಪರರಲ್ಲದ ಕಲಾವಿದರನ್ನೇ ಇಟ್ಟುಕೊಂಡು ತೆಗೆದ ‘ತಿಥಿ’ ನೆನಪಿಸಿಕೊಳ್ಳಿ. 101 ವರ್ಷದ ಅಜ್ಜ ತೀರಿಕೊಂಡಿದ್ದಾನೆ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಜಮೀನು ಮಾರಬೇಕು, ಅವನಪ್ಪ ಗಡ್ಡಪ್ಪನಿಗೆ ಜಮೀನಿನ ಗೊಡವೆಯೇ ಬೇಡ. ಗಡ್ಡಪ್ಪ ಸುಮ್ಮನೆ ನಡೆಯುತ್ತಿದ್ದರೂ ನಮಗೆ ಬೇಸರವಾಗದಿರುವುದು ಅದಕ್ಕೇ. ಈ ಎಳೆದಾಟವೇ ಇಲ್ಲದೆ ಮಳೆ, ಕಿಟಕಿ, ಮೌನ ಮಾತ್ರ ಇದ್ದರೆ ಆಕಳಿಕೆ ನಿಮ್ಮ ತಪ್ಪಲ್ಲ.

ನೋಡುವಾಗ ವೇಗ ಹೆಚ್ಚಿಸಬೇಡಿ. ಒಂದೂವರೆ ಪಟ್ಟು ಓಡಿಸಿದರೆ ಮಾತು ಅರ್ಥವಾದೀತು, ಆದರೆ ಉತ್ತರ ಕೊಡುವ ಮುಂಚಿನ ತಡವರಿಕೆ ಹೋಗಿಬಿಡುತ್ತದೆ. ಎರಡು ಮೂರು ದಿನಕ್ಕೆ ತುಂಡು ಮಾಡಿ ನೋಡುವುದೂ ಬೇಡ. ಮೊದಲ ಇಪ್ಪತ್ತು ನಿಮಿಷ ಯಾರು ಯಾರಿಗೆ ಏನಾಗಬೇಕು ಎಂಬುದಷ್ಟನ್ನೇ ಗಮನಿಸಿ, ಕಥೆಗೆ ಆತುರ ಬೇಡ. ‘ಟೋಕಿಯೋ ಸ್ಟೋರಿ’ಯ ಕೊನೆಯಲ್ಲಿ ಅದೇ ಕೋಣೆ, ಕಿಟಕಿಯಾಚೆ ಅದೇ ನೆರೆಮನೆಯಾಕೆ. ಮುದುಕ ಒಬ್ಬನೇ ಕೂತಿರುತ್ತಾನೆ. ಅದನ್ನು ನೋಡಿದ ಮೇಲೆ ದಿಂಬಿನ ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿ.