ಮಳೆಗಾಲದ ಸೋಲಾರ್ ಮನೆಗೆ ಜನರೇಟರ್: ಎಷ್ಟು ದೊಡ್ಡದು, ಎಲ್ಲಿ ಜೋಡಿಸುವುದು?

ಪ್ರಶ್ನೆ: ಪುಣೆಯಲ್ಲಿ ನೌಕರಿಯಿಂದ ನಿವೃತ್ತನಾದ ಮೇಲೆ ಮುಳಶಿ ತಾಲ್ಲೂಕಿನ ತೋಟದ ಮನೆಯಲ್ಲೇ ಹೆಚ್ಚು ಕಾಲ ಇರುತ್ತೇವೆ. ಅಲ್ಲಿಗೆ ಕರೆಂಟಿನ ಕಂಬ ಬಂದಿಲ್ಲ. 3 ಕಿಲೋವಾಟ್ ಪ್ಯಾನೆಲ್, 5 ಕೆವಿಎ ಆಫ್‌ಗ್ರಿಡ್ ಇನ್ವರ್ಟರ್, 12 ವೋಲ್ಟ್ 150 ಎಎಚ್‌ನ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿಗಳಿವೆ. ಫ್ರಿಜ್, ಫ್ಯಾನು, ದೀಪ, ಮಿಕ್ಸಿ, ಬಾವಿಗೆ 1 ಎಚ್‌ಪಿ ಪಂಪು. ಬೇಸಿಗೆಯಲ್ಲಿ ತೊಂದರೆಯೇ ಇಲ್ಲ; ಜುಲೈ ಬಂದರೆ ಮೂರನೆಯ ದಿನಕ್ಕೆ ಕತ್ತಲೆ. ಅಂಗಡಿಯವರು ಇನ್ನೂ ನಾಲ್ಕು ಬ್ಯಾಟರಿ ಹಾಕಿಸಿ ಎನ್ನುತ್ತಾರೆ, ಮಗ ಜನರೇಟರ್ ತನ್ನಿ ಎನ್ನುತ್ತಾನೆ. ತಂದರೆ ಎಷ್ಟು ದೊಡ್ಡದು ಬೇಕು, ಹೇಗೆ ಜೋಡಿಸಬೇಕು?

ಉತ್ತರ: ನಿಮ್ಮ ಮಗ ಹೇಳುವುದು ಸರಿ. ಆದರೆ ಜನರೇಟರ್ ಕೊಳ್ಳುವ ಮೊದಲು ಮನೆಯ ಯುನಿಟ್ಟುಗಳ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು. ನಿಮ್ಮ ನಾಲ್ಕು ಬ್ಯಾಟರಿಗಳಲ್ಲಿ ಒಟ್ಟು 7.2 ಯುನಿಟ್ ಹಿಡಿಯುತ್ತದೆ. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನು, ಎಂದರೆ 3.6 ಯುನಿಟ್ಟನ್ನು ಮಾತ್ರ ಬಳಸುವುದು ವಾಡಿಕೆ. ನೀವು ಹೇಳಿದ ಉಪಕರಣಗಳಿಗೆ ದಿನಕ್ಕೆ ಸುಮಾರು 4 ಯುನಿಟ್ ಬೇಕಾಗುತ್ತದೆ. ಏಪ್ರಿಲ್‌ನಲ್ಲಿ 3 ಕಿಲೋವಾಟ್ ಪ್ಯಾನೆಲ್ 12 ಯುನಿಟ್ಟಿಗೆ ಕಡಿಮೆಯಿಲ್ಲದಂತೆ ಕೊಡುತ್ತದೆಯಾದರೂ, ಆರಿದ್ರಾ ಮಳೆ ಹಿಡಿದ ಮೇಲೆ ಸಹ್ಯಾದ್ರಿಯ ಅಂಚಿನಲ್ಲಿರುವ ಮುಳಶಿ, ತಾಮ್ಹಿಣಿ ಭಾಗದಲ್ಲಿ ಮೋಡ ದಟ್ಟೈಸಿದ ದಿನ ಅದೇ ಪ್ಯಾನೆಲ್‌ನಿಂದ ಎರಡು ಮೂರು ಯುನಿಟ್ ಬಂದರೆ ಹೆಚ್ಚು. ದಿನಕ್ಕೆ ಒಂದೂವರೆ ಯುನಿಟ್ ಕೊರತೆ ಬಿದ್ದರೆ 3.6 ಯುನಿಟ್ ಎಷ್ಟು ದಿನಕ್ಕೆ ಮುಗಿಯುತ್ತದೆಂಬುದನ್ನು ನಿಮ್ಮ ಮೂರನೆಯ ದಿನದ ಕತ್ತಲೆಯೇ ಹೇಳುತ್ತಿದೆ.

ಈ ಲೆಕ್ಕದ ಮುಂದೆ ಅಂಗಡಿಯವರ ಸಲಹೆ ನಿಲ್ಲುವುದಿಲ್ಲ. ಬ್ಯಾಟರಿ ಕರೆಂಟನ್ನು ಕೂಡಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಇನ್ನೂ ನಾಲ್ಕು ಸೇರಿಸಿದರೆ ಕತ್ತಲೆ ಐದನೆಯ ದಿನಕ್ಕೆ ಮುಂದೂಡಲ್ಪಡುತ್ತದೆ, ಅಷ್ಟೆ. ಆಮೇಲೆ ಎಂಟು ಬ್ಯಾಟರಿಗಳೂ ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಉಳಿದು, ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿ, ಎರಡು ಮೂರು ಮಳೆಗಾಲದೊಳಗೆ ಸೊರಗುವ ಸಂಭವವೇ ಹೆಚ್ಚು. ಹಣ ಹಾಕುವುದಿದ್ದರೆ ಪ್ಯಾನೆಲ್‌ಗೆ ಹಾಕಿ. ಇನ್ನೆರಡು ಕಿಲೋವಾಟ್ ಸೇರಿಸಿದರೆ ಮೋಡದ ದಿನದ ಆದಾಯವೂ ಅದೇ ಪ್ರಮಾಣದಲ್ಲಿ ಏರಿ, ಜನರೇಟರ್ ಓಡಿಸಬೇಕಾದ ದಿನಗಳು ಗಣನೀಯವಾಗಿ ಇಳಿಯುತ್ತವೆ. ಇನ್ವರ್ಟರ್ ತಾಳಿಕೊಳ್ಳುವ ಗರಿಷ್ಠ ಪ್ಯಾನೆಲ್ ವೋಲ್ಟೇಜು ಮತ್ತು ವಾಟ್ ಎಷ್ಟೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಂಡೇ ಸೇರಿಸಬೇಕು.

ಇನ್ನು ಜೋಡಣೆಯ ವಿಷಯ. ಜನರೇಟರಿನ ತಂತಿ ಹೋಗಬೇಕಾದ ಸ್ಥಳ ಒಂದೇ: ಇನ್ವರ್ಟರಿನ ಎಸಿ ಇನ್‌ಪುಟ್, ಅಂದರೆ ಊರಿನಲ್ಲಾಗಿದ್ದರೆ ಬೀದಿಯ ಕರೆಂಟ್ ಬಂದು ಸೇರುತ್ತಿದ್ದ ಟರ್ಮಿನಲ್. ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರನ್ನು ಮನೆಯ ಯಾವುದೋ ಸಾಕೆಟ್ಟಿಗೆ ಚುಚ್ಚಿ ಜನರೇಟರ್ ಕೊಡುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಜನರೇಟರಿನ ಕರೆಂಟು ಇನ್ವರ್ಟರಿನ ಔಟ್‌ಪುಟ್‌ಗೆ ಎದುರಾಗಿ ಬಂದು ಇನ್ವರ್ಟರ್ ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು, ಬಿಟ್ಟ ಪ್ಲಗ್ಗಿನ ಪಿನ್ನುಗಳಲ್ಲಿ 230 ವೋಲ್ಟ್ ಇರುವುದರಿಂದ ಮುಟ್ಟಿದವರ ಜೀವವೂ ಹೋಗಬಹುದು. ಮುಂದೆ ಮಹಾವಿತರಣದ (ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ವಿತರಣಾ ಕಂಪನಿ) ಲೈನ್ ಬಂದಾಗ ಲೈನು ಮತ್ತು ಜನರೇಟರ್ ಎರಡರ ನಡುವೆ ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಬದಲಿಸುವ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್ ಹಾಕಿಸಿ; ಕಂಬ ಹತ್ತಿ ಕೆಲಸ ಮಾಡುವ ವಾಯರ್‌ಮನ್ನಿಗೆ ನಿಮ್ಮ ಮನೆಯಿಂದ ಕರೆಂಟ್ ಹಿಂದಿರುಗಿ ಹೋಗದಂತೆ ತಡೆಯುವುದು ಆ ಸ್ವಿಚ್ಚೇ.

ಅಳತೆಯ ಪ್ರಶ್ನೆಯಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ. ಇನ್ವರ್ಟರ್ 5 ಕೆವಿಎ ಇದೆ, ಜನರೇಟರ್ ಅದಕ್ಕೆ ಸ್ವಲ್ಪ ಸಹಾಯ ಮಾಡಿದರೆ ಸಾಕು, 2 ಕೆವಿಎ ತಂದರಾಯಿತು ಎಂದುಕೊಳ್ಳುತ್ತಾರೆ. ಸಾಮಾನ್ಯ ದರ್ಜೆಯ ಆಫ್‌ಗ್ರಿಡ್ ಇನ್ವರ್ಟರುಗಳು ಹಾಗೆ ಕೆಲಸ ಮಾಡುವುದಿಲ್ಲ. ಎಸಿ ಇನ್‌ಪುಟ್‌ನಲ್ಲಿ ಕರೆಂಟ್ ಕಂಡ ಕೂಡಲೇ ಒಳಗಿನ ರಿಲೇ ಮನೆಯ ಪೂರ್ತಿ ಲೋಡನ್ನು ಜನರೇಟರಿನ ಮೇಲೆ ಹೊರಿಸಿ, ಅದರ ಮೇಲೆ ಬ್ಯಾಟರಿ ಚಾರ್ಜಿಂಗನ್ನೂ ಸೇರಿಸುತ್ತದೆ. ಬ್ಯಾಟರಿಯೂ ಜನರೇಟರೂ ಕೂಡಿ ಲೋಡ್ ಹೊರುವ ಸೌಲಭ್ಯ ದುಬಾರಿ ಮಾದರಿಗಳಲ್ಲಿ ಮಾತ್ರ ಇರುತ್ತದೆ. ಹೀಗಾಗಿ ನಿಮ್ಮ ಲೆಕ್ಕ ಹೀಗಾಗುತ್ತದೆ. 150 ಎಎಚ್ ಬ್ಯಾಟರಿಗೆ ಹತ್ತನೆಯ ಒಂದು ಪಾಲು, ಅಂದರೆ 15 ಆಂಪಿಯರ್ ಸೂಕ್ತ ಚಾರ್ಜಿಂಗ್. ಬ್ಯಾಟರಿ ಚೆನ್ನಾಗಿ ಇಳಿದಿರುವಾಗ 20ರವರೆಗೆ ಏರಿಸಬಹುದು. ಸಾಲಾಗಿ ಜೋಡಿಸಿದ ನಾಲ್ಕು ಬ್ಯಾಟರಿ ಸೇರಿ 48 ವೋಲ್ಟ್, ಚಾರ್ಜ್ ಆಗುವಾಗ ಸುಮಾರು 56; 20 ಆಂಪಿಯರನ್ನು ಆ 56 ವೋಲ್ಟಿನಿಂದ ಗುಣಿಸಿ, ಚಾರ್ಜರಿನ ನಷ್ಟ ಸೇರಿಸಿದರೆ ಜನರೇಟರಿನಿಂದ ಸುಮಾರು 1.3 ಕಿಲೋವಾಟ್ ಬೇಕು. ಫ್ರಿಜ್, ಫ್ಯಾನು, ದೀಪಗಳಿಗೆ 350 ವಾಟ್, ಪಂಪಿಗೆ 1.1 ಕಿಲೋವಾಟ್: ಒಟ್ಟು 2.75. ಪಂಪು ಸ್ಟಾರ್ಟ್ ಆಗುವ ಕ್ಷಣಕ್ಕೆ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಜನರೇಟರಿನ ಕೆವಿಎಯನ್ನು 0.8ರಿಂದ ಗುಣಿಸಿದರೆ ಕಿಲೋವಾಟ್ ಬರುತ್ತದೆಂದಾದ ಮೇಲೆ 3 ಕೆವಿಎ ಸಾಲದು. 5 ಕೆವಿಎ ಸರಿಯಾದ ಅಳತೆ. ಅದಕ್ಕಿಂತ ದೊಡ್ಡದು ಬೇಡ, ಏಕೆಂದರೆ ಡೀಸೆಲ್ ಎಂಜಿನನ್ನು ಅದರ ಶಕ್ತಿಯ ಶೇಕಡಾ 30ಕ್ಕಿಂತ ಕಡಿಮೆ ಲೋಡಿನಲ್ಲಿ ದೀರ್ಘಕಾಲ ಓಡಿಸಿದರೆ ಇಂಧನ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಮಸಿ, ಜಿಡ್ಡು ಕಟ್ಟುತ್ತದೆ.

ಕೆಲವು ಇನ್ವರ್ಟರುಗಳಲ್ಲಿ ಎಸಿ ಚಾರ್ಜಿಂಗ್ ಮೊದಲೇ 30 ಆಂಪಿಯರ್‌ಗೋ ಅದಕ್ಕೂ ಹೆಚ್ಚಿಗೋ ಸೆಟ್ ಆಗಿರುತ್ತದೆ. ಅದನ್ನು ಇಳಿಸದೆ ಜನರೇಟರ್ ಚಾಲೂ ಮಾಡಬೇಡಿ.

ಜನರೇಟರ್ ಸರಿಯಾಗಿ ಓಡುತ್ತಿದ್ದರೂ ಇನ್ವರ್ಟರ್ ಅದನ್ನು ಒಪ್ಪಿಕೊಳ್ಳುತ್ತಿಲ್ಲ ಎಂಬ ದೂರು ಬಹಳ ಸಾಮಾನ್ಯ. ಕಾರಣ ಹೆಚ್ಚಾಗಿ ಸೆಟ್ಟಿಂಗಿನಲ್ಲಿರುತ್ತದೆ. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ಸುಮಾರು 170ರಿಂದ 280 ವೋಲ್ಟಿನ ಒಳಗಿನ ಕರೆಂಟನ್ನಷ್ಟೇ ಸ್ವೀಕರಿಸುತ್ತದೆ. ಅಪ್ಲೈಯನ್ಸ್ ಮೋಡ್‌ನಲ್ಲಿ 90 ವೋಲ್ಟಿನವರೆಗೂ ಸಹಿಸುತ್ತದೆ. ಸಣ್ಣ ಜನರೇಟರುಗಳು ಲೋಡ್ ಇಲ್ಲದಾಗ 51–52 ಹರ್ಟ್ಸಿನಲ್ಲಿ ಓಡಿ, ಲೋಡ್ ಬಿದ್ದೊಡನೆ 49ರ ಆಸುಪಾಸಿಗೆ ಇಳಿಯುತ್ತವೆ, ವೋಲ್ಟೇಜೂ ತೂಗಾಡುತ್ತದೆ. ಆದ್ದರಿಂದ ಅಪ್ಲೈಯನ್ಸ್ ಮೋಡ್‌ಗೆ ಬದಲಿಸಿ, ಎವಿಆರ್ (ವೋಲ್ಟೇಜನ್ನು ತಾನಾಗಿ ಸ್ಥಿರವಾಗಿಡುವ ಸಾಧನ) ಇರುವ ಜನರೇಟರನ್ನೇ ಆರಿಸಿ, ಎಂಜಿನ್ ಎರಡು ಮೂರು ನಿಮಿಷ ಓಡಿ ಸ್ಥಿರವಾದ ಮೇಲೆ ಬ್ರೇಕರ್ ಎತ್ತಿ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ತಾನಾಗಿ ಬೀಳುವ ಸುರಕ್ಷತಾ ಸ್ವಿಚ್) ಇದ್ದರೆ ಇನ್ನೊಂದು ಮಾತು: ಚಿಕ್ಕ ಜನರೇಟರುಗಳ ನ್ಯೂಟ್ರಲ್ ಸಾಮಾನ್ಯವಾಗಿ ಭೂಮಿಗೆ ಸೇರಿರುವುದಿಲ್ಲ, ಹಾಗಿದ್ದಾಗ ಶಾಕ್ ಹೊಡೆದರೂ ಆರ್‌ಸಿಸಿಬಿ ಬೀಳದಿರಬಹುದು. ನ್ಯೂಟ್ರಲ್ ಮತ್ತು ಅರ್ಥ್ ಒಂದೇ ಒಂದು ಸ್ಥಳದಲ್ಲಿ ಕೂಡಿರುವಂತೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿಕೊಳ್ಳಿ. ನಿಮ್ಮ ಭಾಗದ ಕಪ್ಪು ಬಂಡೆಯ ನೆಲದಲ್ಲಿ ಒಂದು ಅರ್ಥ್ ಗುಂಡಿ ಸಾಲದೆ ಹೋಗಬಹುದು. ಅಳೆಯಿಸಿ ನೋಡುವುದು ಮೇಲು.

ಯಾವಾಗ ಓಡಿಸಬೇಕು? ಬಹಳ ಜನ ಸಂಜೆ ಕತ್ತಲಾದ ಮೇಲೆ ಓಡಿಸುತ್ತಾರೆ. ನನ್ನ ಸಲಹೆ ಬೆಳಗ್ಗೆ. ರಾತ್ರಿಯ ಬಳಕೆಯಿಂದ ಬ್ಯಾಟರಿ ಇಳಿದಿರುವ ಆ ಹೊತ್ತಿಗೆ ಅದು ಕೊಟ್ಟಷ್ಟು ಆಂಪಿಯರನ್ನೂ ಎಳೆದುಕೊಳ್ಳುತ್ತದೆ. ಶೇಕಡಾ 80 ದಾಟಿದ ಮೇಲೆ ಲೆಡ್ ಆಸಿಡ್ ಬ್ಯಾಟರಿ ಕರೆಂಟನ್ನು ನಿಧಾನವಾಗಿ ಹೀರತೊಡಗುತ್ತದೆ. ಉಳಿದ ಐದನೆಯ ಒಂದು ಪಾಲನ್ನು ತುಂಬಲು ಗಂಟೆಗಟ್ಟಲೆ ಡೀಸೆಲ್ ಸುಡುವ ಬದಲು ಅಷ್ಟನ್ನು ಹಗಲಿನ ಮಂಕು ಬೆಳಕಿಗೆ ಬಿಡಬಹುದು. 20 ಆಂಪಿಯರಿನಲ್ಲಿ ಮೂರು ಗಂಟೆ ಓಡಿಸಿದರೆ ಬ್ಯಾಟರಿಗೆ 3 ಯುನಿಟ್ಟಿನಷ್ಟು ಸೇರುವುದರಿಂದ ದಿನ ಬಿಟ್ಟು ದಿನ ಓಡಿಸಿದರೆ ನಿಮ್ಮ ಕೊರತೆ ನೀಗುತ್ತದೆ. ಅದೇ ಹೊತ್ತಿಗೆ ಪಂಪು ಹಾಕಿ ಟ್ಯಾಂಕ್ ತುಂಬಿಸಿ, ದೋಸೆ ಹಿಟ್ಟು ರುಬ್ಬಿ, ಬಟ್ಟೆ ಇಸ್ತ್ರಿ ಮಾಡಿ. ಇಷ್ಟು ಗಾತ್ರದ ಡೀಸೆಲ್ ಜನರೇಟರ್ ಲೀಟರಿಗೆ 3 ಯುನಿಟ್ಟಿನ ಆಸುಪಾಸು ಕೊಡುತ್ತದೆ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಯುನಿಟ್ಟಿಗೆ 30 ರೂಪಾಯಿ. ಅದೇ ಕರೆಂಟು ಬ್ಯಾಟರಿಗೆ ಹೋಗಿ ಮರಳಿ ಇನ್ವರ್ಟರಿನಿಂದ ಹೊರಬರುವಷ್ಟರಲ್ಲಿ ಕಾಲು ಭಾಗಕ್ಕೂ ಹೆಚ್ಚು ಕಳೆದು ಯುನಿಟ್ಟಿಗೆ 40 ರೂಪಾಯಿ ದಾಟುತ್ತದೆ. ನೇರವಾಗಿ ಬಳಸಿದ್ದೇ ಲಾಭ.

ಸ್ಥಳದ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಮಳೆ ಜೋರಾಯಿತೆಂದು ಜನರೇಟರನ್ನು ಪಡಸಾಲೆಗೋ ಸಾಮಾನಿನ ಕೋಣೆಗೋ ಎಳೆದುಕೊಂಡು ಬಾಗಿಲು ತೆರೆದಿಟ್ಟರೆ ಸಾಕೆಂದು ಭಾವಿಸುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವಾಗುವುದೂ ಇಲ್ಲ. ಮನೆಯಿಂದ ದೂರಕ್ಕೆ, ಎತ್ತರದ ಕಟ್ಟೆಯ ಮೇಲೆ, ಪಕ್ಕಗಳು ತೆರೆದಿರುವ ತಗಡಿನ ಮಾಡು ಹಾಕಿಸಿ. ಮಳೆಗಾಲದ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುವುದರಿಂದ ಆ ಮಾಡು ಮನೆಯ ಪೂರ್ವ ಅಥವಾ ಈಶಾನ್ಯಕ್ಕಿದ್ದು, ಸೈಲೆನ್ಸರಿನ ಬಾಯಿ ಮನೆಗೆ ಬೆನ್ನು ಹಾಕಿರಲಿ.

ಬ್ಯಾಟರಿ ಇಳಿದೊಡನೆ ತಾನಾಗಿ ಸ್ಟಾರ್ಟ್ ಆಗುವ ವ್ಯವಸ್ಥೆಯನ್ನೂ ಮಾರುವವರು ತೋರಿಸುತ್ತಾರೆ. ಇನ್ವರ್ಟರಿನ ಡ್ರೈ ಕಾಂಟ್ಯಾಕ್ಟ್‌ನಿಂದ (ಸ್ವಿಚ್ಚಿನಂತೆ ಸಂಕೇತವನ್ನಷ್ಟೇ ಕೊಡುವ ಟರ್ಮಿನಲ್) ಸೆಲ್ಫ್ ಸ್ಟಾರ್ಟ್ ಜನರೇಟರಿಗೆ ಎರಡು ತಂತಿ ಎಳೆದರೆ ಅದು ಸಾಧ್ಯ. ಮನೆಗೆ ಬೀಗ ಹಾಕಿ ಪುಣೆಗೆ ಹೋಗುವ ನಿಮ್ಮಂಥವರಿಗೆ ನಾನು ಅದನ್ನು ಹೇಳುವುದಿಲ್ಲ. ಯಾರೂ ಇಲ್ಲದ ಮನೆಯಲ್ಲಿ ಎಂಜಿನ್ ಓಡುವುದಕ್ಕಿಂತ ಫ್ರಿಜ್ ಖಾಲಿ ಮಾಡಿ ಮೇನ್ ಇಳಿಸಿ ಹೋಗುವುದೇ ಸುರಕ್ಷಿತ. ಆಗ ಮೋಡದ ದಿನದ ಎರಡು ಯುನಿಟ್ಟೂ ಬ್ಯಾಟರಿಗೇ ಸೇರುತ್ತದೆ. ಮಳೆಗಾಲ ಮುಗಿದ ಮೇಲೂ ತಿಂಗಳಿಗೊಮ್ಮೆ ಅರ್ಧ ಗಂಟೆ ಪಂಪಿನ ಲೋಡ್ ಕೊಟ್ಟು ಓಡಿಸಿ, ಹೊಸ ಎಂಜಿನ್ನಿನ ಮೊದಲ ಆಯಿಲನ್ನು ಕೈಪಿಡಿಯಲ್ಲಿ ಹೇಳಿದ ಗಂಟೆಗಳಿಗೆ ತಪ್ಪದೆ ಬದಲಿಸಿ.