ಗಾಡಿ ಓಡಿದರೂ ತುಂಬದ ಬ್ಯಾಟರಿ

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ 100 ಕಿ.ಮೀ.ಗೂ ಹೆಚ್ಚು ದಾರಿ. ಮಲಗಲು, ಅಡುಗೆ ಮಾಡಲು ಅನುಕೂಲ ಮಾಡಿಸಿದ ವ್ಯಾನಿನಲ್ಲಿ ಅಷ್ಟು ದೂರ ಬಂದರೂ ರಾತ್ರಿ ಫ್ಯಾನ್ ತಿರುಗದಿದ್ದರೆ ಎಲ್ಲರೂ ಹಿಂಭಾಗದಲ್ಲಿ ಫ್ಯಾನ್, ದೀಪಕ್ಕೆಂದು ಕೂರಿಸಿದ ಎರಡನೇ ಬ್ಯಾಟರಿಯನ್ನೇ ದೂರುತ್ತಾರೆ. ಹೊಸದು ತಂದು ಹಾಕುತ್ತಾರೆ, ಅದೂ ತುಂಬುವುದಿಲ್ಲ. ದೋಷ ಹೆಚ್ಚಾಗಿ ಇರುವುದು ಎಂಜಿನ್ ಕಡೆಯ ಮುಂದಿನ ಬ್ಯಾಟರಿಯಿಂದ ಈ ಹಿಂದಿನದಕ್ಕೆ ಕರೆಂಟು ಬರುವ ದಾರಿಯಲ್ಲಿ. ಅದನ್ನು ಹುಡುಕಲು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಸಾಕು.

ಎಂಜಿನ್ ಚಾಲೂ ಮಾಡಿ ಮುಂದಿನ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ಕರೆಂಟು ಹುಟ್ಟಿಸುವ ಡೈನಮೊ, ಅದನ್ನು ತಿರುಗಿಸುವ ಬೆಲ್ಟ್ ನೋಡಿಸಿ. ಮುಂದೆ 14.2 ಇದ್ದು ಹಿಂದೆ 12.3ರಲ್ಲೇ ನಿಂತಿದ್ದರೆ ನಡುವೆ ಎಲ್ಲೋ ಕಡಿದಿದೆ: ಫ್ಯೂಸ್, ಎರಡು ಬ್ಯಾಟರಿಗಳನ್ನು ತಾನೇ ಕೂಡಿಸಿ ಬಿಡಿಸುವ ಸ್ವಿಚ್ಚಾದ ರಿಲೇ, ಅಥವಾ ಚಾಸಿಗೆ ಬಿಗಿದ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟ್.

ಹಿಂದೆ 13.2 ಬಂದಾಗಲೇ ಜನ ಮೋಸಹೋಗುವುದು. ಚಾರ್ಜ್ ಆಗುತ್ತಿದೆ ಎನಿಸುತ್ತದೆ, ಆದರೆ ಆಗುವುದು ಅರೆಬರೆ. ಹೋಗಿ ಬರುವ ದಾರಿ ಸೇರಿ 12 ಮೀಟರ್ ಉದ್ದದ, 6 ಚದರ ಮಿ.ಮೀ. ದಪ್ಪದ ತಾಮ್ರದ ತಂತಿಯಲ್ಲಿ 30 ಆಂಪಿಯರ್ ಹರಿದರೆ ಸುಮಾರು 1 ವೋಲ್ಟ್ ತಂತಿಯಲ್ಲೇ ಕಳೆಯುತ್ತದೆ. ಯಾದಗಿರಿ ಸೀಮೆಯಲ್ಲಿ ಕಾಲುವೆಯ ಕೊನೆಯ ಹೊಲಕ್ಕೆ ನೀರು ಅಷ್ಟಿಷ್ಟೇ ಮುಟ್ಟುವ ಹಾಗೆ. ತಂತಿ 16 ಚದರ ಮಿ.ಮೀ. ಇದ್ದರೆ ನಷ್ಟ 0.4 ವೋಲ್ಟಿಗೆ ಇಳಿಯುತ್ತದೆ. ಲೆಕ್ಕ ಬೇಡವೆಂದರೆ, ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಮುಂದಿನ ಪ್ಲಸ್‌ಗೆ, ಇನ್ನೊಂದನ್ನು ಹಿಂದಿನ ಪ್ಲಸ್‌ಗೆ ಹಿಡಿಯಿರಿ. ತೋರಿಸುವ ಅಂಕಿಯೇ ಆ ದಾರಿಯ ನಷ್ಟ. ಮೈನಸ್ ಕಡೆಯೂ ಹೀಗೇ ನೋಡಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ!

ನಮ್ಮ ಬಿಸಿಲೂ ಕೈಹಾಕುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಬಾನೆಟ್ ಒಳಗೆ ಇನ್ನೂ ಹೆಚ್ಚು ಕಾವು. ತಾಮ್ರದ ತಡೆ 10 ಡಿಗ್ರಿಗೆ ಸುಮಾರು ಶೇ 4 ಏರುತ್ತದೆ, ಕಾದ ಡೈನಮೊ ಕೊಡುವ ಕರೆಂಟು ತಗ್ಗುತ್ತದೆ.

ಹೊಗೆ ತಗ್ಗಿಸುವ ಬಿಎಸ್6 ನಿಯಮದ ಹೊಸ ಗಾಡಿಗಳಲ್ಲಿ ಇನ್ನೊಂದು ತೊಡಕು. ಡೀಸೆಲ್ ಉಳಿಸಲು ಕೆಲವು ಗಾಡಿಗಳ ಕಂಪ್ಯೂಟರ್, ಮುಂದಿನ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜನ್ನೇ ಇಳಿಸುತ್ತದೆ. 13.3 ವೋಲ್ಟ್ ಆಸುಪಾಸಿನಲ್ಲಿ ಕೂಡಿಕೊಳ್ಳುವ ರಿಲೇ ಆಗ ಬಿಟ್ಟುಕೊಳ್ಳುತ್ತದೆ. ಇಂಥ ಗಾಡಿಗೆ ಡಿಸಿ-ಡಿಸಿ ಚಾರ್ಜರ್ ಬೇಕು. ಬಂದ ವೋಲ್ಟೇಜನ್ನು ಅದು ಏರಿಸಿ ಕೊಡುತ್ತದೆ. ಲಿಥಿಯಂ ಬ್ಯಾಟರಿ ಹಾಕಿದವರಿಗಂತೂ ಅದು ಬೇಕೇ ಬೇಕು. ನೇರ ರಿಲೇ ಮೇಲೆ ಲಿಥಿಯಂ ಎಳೆಯುವ ಕರೆಂಟಿಗೆ, ಗಾಡಿ ನಿಂತು ಎಂಜಿನ್ ಓಡುವಾಗ, ಡೈನಮೊ ಸುಟ್ಟುಹೋಗಬಹುದು. ಚಾರ್ಜರನ್ನು ಹಿಂದಿನ ಬ್ಯಾಟರಿಯ ಹತ್ತಿರ ಕೂರಿಸಿ, ಎರಡೂ ಬ್ಯಾಟರಿಗಳ ಪ್ಲಸ್ ಬಳಿ ಫ್ಯೂಸ್ ಹಾಕಿಸಿ.