ಡಿಸ್ಕಿಗೆ ಹಿಡಿಸದ ಸಿನಿಮಾ ತಂತಿ ಹಿಡಿದು ಬಂದಾಗ

2004ರ ಸುಮಾರಿಗೆ ಜಪಾನಿನ ಕಾನಜಾವಾ ಊರಿನ ಐ-ಓ ಡೇಟಾ ಕಂಪನಿ ಆವೆಲ್ ಲಿಂಕ್‌ಪ್ಲೇಯರ್ ಅನ್ನೋ ಪೆಟ್ಟಿಗೆ ಮಾರುತ್ತಿತ್ತು. ಮುಂದಿನಿಂದ ನೋಡಿದರೆ ಮಾಮೂಲಿ ಡಿವಿಡಿ ಪ್ಲೇಯರ್. ಆದರೆ ಅದಕ್ಕೆ ಕಂಪ್ಯೂಟರಿನ ನೆಟ್‌ವರ್ಕ್ ತಂತಿಯನ್ನೂ ಚುಚ್ಚಬಹುದಿತ್ತು. ಡಿಸ್ಕ್ ಹಾಕಿ ನೋಡಬಹುದು. ಹಾಕದೆಯೂ ನೋಡಬಹುದು: ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಇರುವ ವಿಡಿಯೋ ಫೈಲನ್ನು ಪೆಟ್ಟಿಗೆ ತಾನೇ ಎಳೆದುಕೊಂಡು ಟಿವಿಗೆ ಕೊಡುತ್ತಿತ್ತು. ಅದೂ 1080 ಗೆರೆಗಳ ಹೈ ಡೆಫಿನಿಷನ್ ಚಿತ್ರ.

ಈಗ ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ಆಗ ಬ್ಲೂ-ರೇ ಸಿನಿಮಾ ಡಿಸ್ಕುಗಳು ಅಂಗಡಿಗೆ ಬಂದಿರಲಿಲ್ಲ. ಅವು ಬಂದದ್ದು 2006ರಲ್ಲಿ. ಆದರೆ ಅಮೆರಿಕದಲ್ಲಿ 1998ರಿಂದಲೇ ಎಚ್‌ಡಿ ಟಿವಿ ಪ್ರಸಾರ ಶುರುವಾಗಿತ್ತು. ಆಂಟೆನಾದಲ್ಲಿ ಬರುವ ಆ ಕಾರ್ಯಕ್ರಮಗಳನ್ನು ಜನ ಟ್ಯೂನರ್ ಕಾರ್ಡ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದರು. 2003ರಿಂದ ಎಚ್‌ಡಿ ಚಿತ್ರ ಹಿಡಿಯುವ ಎಚ್‌ಡಿವಿ ಕ್ಯಾಮೆರಾಗಳೂ ಬಂದವು. ಅಂದರೆ ಚಿತ್ರ ಸಿದ್ಧ, ದೊಡ್ಡ ಟಿವಿಯೂ ಸಿದ್ಧ, ನಡುವೆ ಸಾಗಿಸೋಕೆ ಡಿಸ್ಕ್ ಮಾತ್ರ ಇಲ್ಲ.

ಡಿವಿಡಿಯಲ್ಲೇ ತುಂಬಬಾರದೇ? ಲೆಕ್ಕ ಹಾಕಿ ನೋಡೋಣ. ಎಚ್‌ಡಿ ಚಿತ್ರದ ಒಂದು ಫ್ರೇಮಿನಲ್ಲಿ 1920 ಗುಣಿಸು 1080, ಹೆಚ್ಚುಕಮ್ಮಿ 20 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 3 ಬೈಟ್, ಸೆಕೆಂಡಿಗೆ 24 ಫ್ರೇಮ್ ಅಂದರೂ ಸೆಕೆಂಡಿಗೆ ಸುಮಾರು 150 ಎಂಬಿ. 4.7 ಜಿಬಿ ಡಿವಿಡಿ ಅರ್ಧ ನಿಮಿಷದಲ್ಲಿ ಭರ್ತಿ! ಅದಕ್ಕೇ ಚಿತ್ರವನ್ನು ಹಿಂಡಿ ಕಳಿಸುತ್ತಾರೆ. ಅಮೆರಿಕದ ಪ್ರಸಾರ ವ್ಯವಸ್ಥೆ ಒಂದು ಚಾನಲ್‌ಗೆ ಕೊಡುವ ಜಾಗ ಸೆಕೆಂಡಿಗೆ 19.39 ಮೆಗಾಬಿಟ್. ಅಷ್ಟು ಹಿಂಡಿದ ಮೇಲೂ 2 ಗಂಟೆಯ ಕಾರ್ಯಕ್ರಮ 17 ಜಿಬಿ ಆಗುತ್ತದೆ. ಒಂದು ಡಿವಿಡಿಯಲ್ಲಿ ಹಿಡಿಸೋದು 32 ನಿಮಿಷ. ಮಧ್ಯಂತರಕ್ಕೂ ಮುಂಚೆ ಡಿಸ್ಕ್ ಬದಲಿಸಬೇಕು.

ಡಿವಿಡಿಯ ಈ ಮಿತಿ ಬಂದಿರೋದು ಬೆಳಕಿನಿಂದ. ಅದರ ಕೆಂಪು ಲೇಸರಿನ ತರಂಗದ ಉದ್ದ 650 ನ್ಯಾನೋಮೀಟರ್. ಬೆಳಕನ್ನು ಎಷ್ಟೇ ಒಳ್ಳೆಯ ಲೆನ್ಸಿನಲ್ಲಿ ಕೂಡಿಸಿದರೂ ಅದರ ಚುಕ್ಕೆ ಒಂದು ಮಿತಿಗಿಂತ ಸಣ್ಣದಾಗೋದಿಲ್ಲ. ಚುಕ್ಕೆಯ ಅಗಲ ತರಂಗದ ಉದ್ದವನ್ನೂ, ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕನ್ನು ಕೂಡಿಸುತ್ತದೆ ಅನ್ನೋದನ್ನೂ ಅವಲಂಬಿಸಿದೆ. ಆ ಕೋನವನ್ನು ಒಂದು ಅಂಕದಲ್ಲಿ ಹೇಳುತ್ತಾರೆ. ಡಿವಿಡಿ ಲೆನ್ಸಿನ ಅಂಕ 0.6. ಬ್ಲೂ-ರೇಯಲ್ಲಿ ಲೇಸರ್ 405 ನ್ಯಾನೋಮೀಟರಿನ ನೇರಳೆ-ನೀಲಿ, ಲೆನ್ಸಿನ ಅಂಕ 0.85. ತರಂಗದ ಉದ್ದವನ್ನು ಲೆನ್ಸಿನ ಅಂಕದಿಂದ ಭಾಗಿಸಿ ಹೋಲಿಸಿದರೆ ಬ್ಲೂ-ರೇಯ ಚುಕ್ಕೆ ಸುಮಾರು 2.3 ಪಟ್ಟು ಸಣ್ಣದು. ವಿಸ್ತೀರ್ಣದಲ್ಲಿ 5 ಪಟ್ಟಿಗಿಂತ ಸ್ವಲ್ಪ ಜಾಸ್ತಿ. 4.7ನ್ನು ಅದರಿಂದ ಗುಣಿಸಿ, 25ರ ಹತ್ತಿರ ಬರುತ್ತದೆ. ಒಂದು ಪದರದ ಬ್ಲೂ-ರೇ ಡಿಸ್ಕಿನಲ್ಲಿ ಹಿಡಿಸೋದು ಸರಿಯಾಗಿ 25 ಜಿಬಿ. ಇಷ್ಟು ಸರಳ ಲೆಕ್ಕ ಇಷ್ಟು ಹತ್ತಿರ ಬಂದು ನಿಲ್ಲೋದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಆದರೆ ನೀಲಿ ಲೇಸರ್ ಪ್ಲೇಯರಿಗಾಗಿ ಕಾಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಆಗಲೇ 200 ಜಿಬಿಯ ಹಾರ್ಡ್ ಡಿಸ್ಕ್ ಅಂಗಡಿಯಲ್ಲಿ ಸಿಗುತ್ತಿತ್ತು. ಅದರಲ್ಲಿ ಇಂಥ ಹತ್ತು ಸಿನಿಮಾ ಆರಾಮಾಗಿ ಕೂರುತ್ತವೆ. ಡಿಸ್ಕಿನ ಗೊಡವೆ ಬೇಡ, ಒಂದು ತಂತಿ ಎಳೆದರೆ ಸಾಕು ಅಂತ ಹೊರಟವರಿಗೆ ಈ ಪೆಟ್ಟಿಗೆ.

ಇಲ್ಲಿ ಒಬ್ಬ ಬೆಂಗಳೂರಿನವರ ಹೆಸರು ಹೇಳಲೇಬೇಕು. ಚಿತ್ರ ಹಿಂಡುವ ಗಣಿತದ ತಿರುಳು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಅದನ್ನು ಕಂಡುಕೊಂಡವರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಈಗ ಯುವಿಸಿಇ ಅಂತ ಕರೆಯುವ ಕೆ.ಆರ್. ಸರ್ಕಲ್ಲಿನ ಕಾಲೇಜಿನಲ್ಲೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಕಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದಾಗ ಇದರ ಸಂಶೋಧನೆಗೆ ಹಣ ಕೊಡಿ ಅಂತ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಅರ್ಜಿ ಹಾಕಿದರು. ಸಿಗಲಿಲ್ಲ. ಇದು ತೀರಾ ಸರಳವಾಯ್ತು ಅಂತ ಒಬ್ಬ ಪರಿಶೀಲಕರು ಅಭಿಪ್ರಾಯ ಬರೆದಿದ್ದರಂತೆ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಫೋಟೋ, ಡಿವಿಡಿ, ಡಿಜಿಟಲ್ ಟಿವಿ, ಎಲ್ಲದರ ಒಳಗೂ ಇರೋದು ಅದೇ.

ಅದು ಮಾಡುವ ಕೆಲಸ ಇಷ್ಟು. ಚಿತ್ರದಲ್ಲಿ ಒಂದು ಗೋಡೆ ಇದೆ ಅಂದುಕೊಳ್ಳಿ. ಅದರ 8 ಗುಣಿಸು 8 ಪಿಕ್ಸೆಲಿನ ಒಂದು ತುಣುಕು ತಗೊಂಡರೆ 64 ಸಂಖ್ಯೆ: 120, 121, 120, 119, ಹೀಗೆ. ಎಲ್ಲವೂ ಹೆಚ್ಚುಕಮ್ಮಿ ಒಂದೇ. ಡಿಸಿಟಿ ಇದನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ತುಣುಕಿನ ಒಟ್ಟು ಬೆಳಕನ್ನು ಹೇಳುತ್ತದೆ. ಉಳಿದವು ಅದರೊಳಗಿನ ಏರಿಳಿತವನ್ನು, ನಿಧಾನದ್ದರಿಂದ ಹಿಡಿದು ಚುರುಕಿನದರವರೆಗೆ ಹೇಳುತ್ತವೆ. ಗೋಡೆಯಲ್ಲಿ ಏರಿಳಿತವೇ ಇಲ್ಲ, ಹಾಗಾಗಿ 63 ಸಂಖ್ಯೆಗಳು ಸೊನ್ನೆಯ ಆಸುಪಾಸು. ಅವನ್ನು ಸೊನ್ನೆ ಅಂತಲೇ ಬರೆದುಬಿಟ್ಟರೆ ಕಣ್ಣಿಗೆ ಗೊತ್ತೇ ಆಗೋದಿಲ್ಲ. ಇದರ ಮೇಲೆ ಇನ್ನೊಂದು ಉಳಿತಾಯ. ಎಲ್ಲ ಫ್ರೇಮನ್ನೂ ಪೂರ್ತಿ ಕಳಿಸೋದಿಲ್ಲ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ತಿ ಫ್ರೇಮ್, ನಡುವೆ ಏನು ಎತ್ತ ಸರಿಯಿತು, ಏನು ಬದಲಾಯ್ತು ಅನ್ನೋ ವಿವರ ಮಾತ್ರ. ಪ್ರಸಾರ ಕೆಟ್ಟಾಗ ಚಿತ್ರ ಚೌಕ ಚೌಕ ಒಡೆದು, ಕ್ಷಣ ಬಿಟ್ಟು ತಾನೇ ಸರಿಹೋಗುತ್ತದಲ್ವಾ? ಮುಂದಿನ ಪೂರ್ತಿ ಫ್ರೇಮ್ ಬಂತು ಅಂತ ಅರ್ಥ.

ಹೀಗೆ ಹಿಂಡಿದ್ದನ್ನು ಬಿಡಿಸೋದು ಯಾರು? 2004ರ ಕಂಪ್ಯೂಟರ್ ಪ್ರೊಸೆಸರುಗಳು 3 ಗಿಗಾಹರ್ಟ್ಸ್ ಓಡುತ್ತಿದ್ದರೂ ಎಚ್‌ಡಿ ವಿಡಿಯೋ ಬಂದಾಗ ಫ್ಯಾನ್ ಸದ್ದು ಮಾಡುತ್ತಾ ಏದುಸಿರು ಬಿಡುತ್ತಿದ್ದವು. ಲಿಂಕ್‌ಪ್ಲೇಯರಿನ ಒಳಗಿದ್ದದ್ದು ಸಿಗ್ಮಾ ಡಿಸೈನ್ಸ್ ಕಂಪನಿಯ ಇಎಂ8620ಎಲ್ ಅನ್ನೋ ಒಂದು ಚಿಪ್. ವೇಗದಲ್ಲಿ ಅದು ಪ್ರೊಸೆಸರಿಗೆ ಸಾಟಿಯೇ ಅಲ್ಲ. ಆದರೆ ಚಕ್ಕುಲಿ ಒರಳಿನ ಹಾಗೆ, ಬಲ್ಲ ಒಂದೇ ಕೆಲಸವನ್ನು ಸರಸರ ಮಾಡುತ್ತಿತ್ತು. ಎಂಪೆಗ್-2, ಎಂಪೆಗ್-4, ಮೈಕ್ರೋಸಾಫ್ಟಿನ ಡಬ್ಲ್ಯುಎಂವಿ-9, ಈ ಮೂರು ವಿಧಾನದಲ್ಲಿ ಹಿಂಡಿದ್ದನ್ನು ಬಿಡಿಸುವ ದಾರಿಯನ್ನು ಸಿಲಿಕಾನಿನಲ್ಲೇ ಕೊರೆದಿದ್ದರು. ಸಂಖ್ಯೆಗಳು ಆ ಕಡೆಯಿಂದ ಹೋಗಿ ಈ ಕಡೆ ಚಿತ್ರವಾಗಿ ಬರುತ್ತಿದ್ದವು.

ಕೊರೆದಿದ್ದೇ ಅದಕ್ಕೆ ಮುಳುವೂ ಆಯಿತು. 2003ರಲ್ಲೇ ಎಚ್.264 ಅನ್ನೋ ಹೊಸ ಹಿಂಡುವ ವಿಧಾನಕ್ಕೆ ಒಪ್ಪಿಗೆ ಸಿಕ್ಕಿತ್ತು. ಎಂಪೆಗ್-2ರ ಅರ್ಧದಷ್ಟು ಜಾಗದಲ್ಲಿ ಅದೇ ಗುಣಮಟ್ಟ. ಮುಂದಿನ ವರ್ಷಗಳಲ್ಲಿ ಹೆಚ್ಚಿನ ಕಡೆ ಅದೇ ಆಯಿತು. ಸಾಫ್ಟ್‌ವೇರ್ ಬದಲಿಸಿ ಪೆಟ್ಟಿಗೆಗೆ ಹೊಸ ಮೆನು ಕೊಡಬಹುದು, ಹೊಸ ಬಗೆಯ ಫೈಲಿನ ಹೊದಿಕೆ ಬಿಚ್ಚೋದು ಕಲಿಸಬಹುದು. ಚಿಪ್ಪಿನೊಳಗೆ ಇಲ್ಲದ ದಾರಿಯನ್ನು ಕೊರೆಯೋಕೆ ಆಗೋದಿಲ್ಲ. ಮೋಟಾರು, ಲೇಸರು ಎಲ್ಲ ಚೆನ್ನಾಗಿದ್ದರೂ ಇಂಥ ಪ್ಲೇಯರುಗಳು ಮೂಲೆ ಸೇರಿದ್ದು ಹೀಗೆ. ಹಳೆಯ ಟೇಪ್ ರೆಕಾರ್ಡರ್ ಸವೆದು ಹಾಳಾಗುತ್ತಿತ್ತು. ಇವು ಸವೆಯುವ ಮುಂಚೆಯೇ ಹಳತಾದವು.

ಇನ್ನು ತಂತಿಯ ಕೆಲಸ. ಯುಪಿಎನ್‌ಪಿ ಅನ್ನೋ ಪದ್ಧತಿ ಬಲ್ಲ ಪ್ಲೇಯರ್ ಆನ್ ಆದ ಕೂಡಲೇ ಮನೆಯ ನೆಟ್‌ವರ್ಕಿನಲ್ಲಿ 239.255.255.250 ಅನ್ನೋ ವಿಳಾಸಕ್ಕೆ ಒಂದು ಕೂಗು ಹಾಕುತ್ತದೆ: ವಿಡಿಯೋ ಇಟ್ಟುಕೊಂಡವರು ಯಾರಿದ್ದೀರಿ? ಅದು ಯಾರೊಬ್ಬರ ವಿಳಾಸವೂ ಅಲ್ಲ, ಕೇಳಿಸಿಕೊಳ್ಳುವ ಎಲ್ಲರದ್ದು. ಕಂಪ್ಯೂಟರ್ ಉತ್ತರ ಕೊಟ್ಟ ಮೇಲೆ ಉಳಿದದ್ದು ವೆಬ್ ಪುಟ ತರಿಸುವ ರೀತಿಯಲ್ಲೇ. ಸಿನಿಮಾದ ಮಧ್ಯಕ್ಕೆ ಹಾರಬೇಕಾದರೆ ಇಂತಿಷ್ಟನೇ ಬೈಟಿನಿಂದ ಕೊಡು ಅಂತ ಕೇಳುತ್ತದೆ. ಆ ಬೈಟ್ ಯಾವುದು ಅನ್ನೋದಕ್ಕೆ ಪರಿವಿಡಿ ಬೇಕು, ಎವಿಐ ಅನ್ನೋ ಬಗೆಯ ವಿಡಿಯೋ ಫೈಲಿನಲ್ಲಿ ಪರಿವಿಡಿ ಇರೋದು ಸಾಮಾನ್ಯವಾಗಿ ತುತ್ತತುದಿಯಲ್ಲಿ! ಡೌನ್‌ಲೋಡ್ ಅರ್ಧಕ್ಕೇ ನಿಂತ ಫೈಲು ಹಾಕಿದರೆ ಸಿನಿಮಾ ಓಡುತ್ತಿತ್ತು, ಮುಂದಕ್ಕೆ ಹಾರಿಸೋಕೆ ಮಾತ್ರ ಬಿಡುತ್ತಿರಲಿಲ್ಲ ಅಲ್ವಾ, ಅದಕ್ಕೆ ಇದೇ ಕಾರಣ.

ಆಗ ವೈ-ಫೈ ನಂಬಿದವರು ಕೈ ಸುಟ್ಟುಕೊಂಡರು. ಡಬ್ಬಿಯ ಮೇಲೆ 54 ಮೆಗಾಬಿಟ್ ಅಂತ ಇದ್ದರೂ ಕೈಗೆ ಸಿಗುತ್ತಿದ್ದದ್ದು 20-25. ನಡುವೆ ಒಂದು ಗೋಡೆ ಬಂದರೆ ಅದೂ ಇಲ್ಲ. 19 ಮೆಗಾಬಿಟ್ ಚಿತ್ರ ನಿಂತು ನಿಂತು ಓಡುತ್ತಿತ್ತು. 100 ಮೆಗಾಬಿಟ್ಟಿನ ಈಥರ್‌ನೆಟ್ ತಂತಿಗೆ ಅದು ಲೆಕ್ಕಕ್ಕೇ ಇಲ್ಲ. ಎಚ್‌ಡಿ ನೋಡಬೇಕೇ, ಗೋಡೆಯುದ್ದಕ್ಕೂ ತಂತಿ ಎಳೆಯಿರಿ ಅನ್ನೋದು ಆಗಿನ ತಿಳಿದವರ ಮಾತು.

ಈಗ ಅದು ತಿರುಗಿ ಕೂತಿದೆ. 2016ರಲ್ಲಿ ಬಂದ 4ಕೆ ಬ್ಲೂ-ರೇ ಡಿಸ್ಕಿನಲ್ಲಿ 100 ಜಿಬಿವರೆಗೆ ಹಿಡಿಸುತ್ತದೆ, ವೇಗ ಸೆಕೆಂಡಿಗೆ 128 ಮೆಗಾಬಿಟ್‌ವರೆಗೂ ಏರಬಹುದು. ಅಂಥ ಡಿಸ್ಕಿನ ಗುಣಮಟ್ಟ ಚೂರೂ ಇಳಿಸದ ಫೈಲನ್ನು ಮನೆಯ ಸರ್ವರಿನಲ್ಲಿಟ್ಟು ನೋಡುವವರು ಇದ್ದಾರೆ. ಆದರೆ ದುಬಾರಿ ಟಿವಿಗಳಲ್ಲೂ ಎಷ್ಟೋ ಸಲ ತಯಾರಕರು ಹಾಕಿರೋದು ಅದೇ ಹಳೆಯ 100 ಮೆಗಾಬಿಟ್ಟಿನ ಈಥರ್‌ನೆಟ್. ಸಿನಿಮಾದಲ್ಲಿ ಜೋರು ಮಳೆಯೋ ಸ್ಫೋಟವೋ ಬಂದು ವೇಗ ನೂರು ದಾಟಿದ ಕೂಡಲೇ ಚಿತ್ರ ತಡವರಿಸುತ್ತದೆ. ಅಂಥ ಟಿವಿ ಇದ್ದವರು ತಂತಿ ಕಿತ್ತು ವೈ-ಫೈಗೆ ಹಾಕಿ ನೋಡಿ. ಹತ್ತಿರದಲ್ಲೊಂದು ಒಳ್ಳೆಯ ರೂಟರ್ ಇದ್ದರೆ ಸಿನಿಮಾ ಸರಾಗವಾಗಿ ಓಡುತ್ತದೆ.